ತಾರಸಿಯ ಮೇಲೆ ಹ್ಯಾಮ್ ರೇಡಿಯೊ ಕಂಬ: ಸ್ಟೇ ತಂತಿಯನ್ನು ಎಲ್ಲಿಗೆ ಬಿಗಿಯಬೇಕು?

ಪ್ರಶ್ನೆ: ಮಾನ್ಯರೇ, ನನಗೆ ಈಚೆಗಷ್ಟೇ ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಬಂದಿದೆ. ಪುತ್ತೂರಿನ ಹೊರವಲಯದಲ್ಲಿರುವ ನಮ್ಮ ಎರಡಂತಸ್ತಿನ ಆರ್‌ಸಿಸಿ ಮನೆಯ ತಾರಸಿ 12 ಮೀಟರ್ ಉದ್ದ, 9 ಮೀಟರ್ ಅಗಲವಿದೆ. ಅದರ ನಡುವೆ 12 ಮೀಟರ್ ಎತ್ತರದ ಜಿಐ ಪೈಪ್ ನಿಲ್ಲಿಸಿ, 40 ಮೀಟರ್ ತರಂಗಾಂತರದ ಬ್ಯಾಂಡಿನ ಇನ್ವರ್ಟೆಡ್ ವೀ (ತಲೆಕೆಳಗಾದ V ಆಕಾರದ ತಂತಿ) ಆಂಟೆನಾವನ್ನೂ ತುದಿಯಲ್ಲಿ 2 ಮೀಟರ್ ಬ್ಯಾಂಡಿನ ವರ್ಟಿಕಲ್ ಆಂಟೆನಾವನ್ನೂ ಕಟ್ಟಬೇಕೆಂದಿದ್ದೇನೆ. ಪ್ಯಾರಾಪೆಟ್ ಗೋಡೆಗೆ ಕೊಕ್ಕೆ ಹೊಡೆದು ಕಂಬ ವಾಲದಂತೆ ಹಿಡಿಯುವ ಮೂರು ಸ್ಟೇ ತಂತಿಗಳನ್ನು ಎಳೆದರೆ ಸಾಕಲ್ಲವೇ? ಬೆಂಗಳೂರಿನ ಮಿತ್ರರೊಬ್ಬರ ಮನೆಯಲ್ಲಿ ಹೀಗೆಯೇ ಇದೆ. ರೇಡಿಯೊದಿಂದ ಎರಡೂ ಆಂಟೆನಾಗಳಿಗೆ 30 ಮೀಟರ್ ಆರ್‌ಜಿ-58 ಕೇಬಲ್ ಹಾಕಬಹುದೇ? ರಸ್ತೆಯ ಬದಿಯಲ್ಲಿ ವಿದ್ಯುತ್ ತಂತಿ ಹಾದುಹೋಗುತ್ತದೆ. ಸಿಡಿಲಿನ ಭಯವೂ ಇದೆ.

ಉತ್ತರ: ಪ್ಯಾರಾಪೆಟ್ಟಿಗೆ ಸ್ಟೇ ಬಿಗಿಯಬೇಡಿ. ಉಳಿದ ಮಾತುಗಳೆಲ್ಲ ಇದರ ನಂತರದವು. ಪ್ಯಾರಾಪೆಟ್ ಎಂಬುದು ಮನುಷ್ಯರು ಬೀಳದಂತೆ ತಡೆಯಲು ಕಟ್ಟಿದ ಗೋಡೆ. ಮುರಕಲ್ಲಾಗಲಿ, ಇಟ್ಟಿಗೆಯಾಗಲಿ, ಮೇಲಿನಿಂದ ಬರುವ ಭಾರವನ್ನು ತಾಳಿಕೊಂಡೀತೇ ಹೊರತು ಒಳಮುಖವಾಗಿ ಮೇಲಕ್ಕೆ ಎಳೆಯುವ ಸೆಳೆತವನ್ನು ತಾಳುವ ಬಲ ಅದಕ್ಕಿಲ್ಲ. ಮಿತ್ರರ ಕಂಬ ಬೆಂಗಳೂರಿನಲ್ಲಿ ನಿಂತಿದೆ ಎಂಬುದು ನಿಮಗೆ ಆಧಾರವಾಗದು. ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ನಿಮಗೆ ಹತ್ತಿರದ ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗವನ್ನು ಹೇಳುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಕರಾವಳಿಯಲ್ಲಿ ಅದೇ ಕಂಬದ ಮೇಲೆ ಸುಮಾರು ಶೇಕಡಾ 40ರಷ್ಟು ಹೆಚ್ಚು ಬಲ ಬೀಳುತ್ತದೆ.

ಎರಡನೆಯದಾಗಿ, ನಿಮ್ಮ ತಾರಸಿ 12 ಮೀಟರ್ ಕಂಬಕ್ಕೆ ಸಾಲದು. ಸ್ಟೇ ತಂತಿಯ ಬುಡವು ಕಂಬದಿಂದ ಅದರ ಎತ್ತರದ ಶೇಕಡಾ 60ರಿಂದ 80ರಷ್ಟು ದೂರದಲ್ಲಿರಬೇಕು. ಅಂದರೆ ಸುತ್ತಲೂ ಕನಿಷ್ಠ 7 ಮೀಟರ್ ಜಾಗ ಬೇಕು, ನಿಮ್ಮಲ್ಲಿ ಅಗಲದ ಕಡೆಗೆ ಇರುವುದು ನಾಲ್ಕೂವರೆ ಮಾತ್ರ. ಹತ್ತಿರಕ್ಕೆ ಕಟ್ಟಿದಷ್ಟೂ ತಂತಿ ಕಡಿದಾಗುತ್ತದೆ, ಅಷ್ಟೇ ಗಾಳಿಗೆ ತಂತಿಯ ಸೆಳೆತವೂ ಕಂಬವನ್ನು ಕೆಳಕ್ಕೆ ಒತ್ತುವ ಬಲವೂ ಹೆಚ್ಚುತ್ತವೆ. ಆದ್ದರಿಂದ 6 ಮೀಟರ್ ಪೈಪಿಗೆ ಇಳಿಯಿರಿ. ಇದರಿಂದ ನಷ್ಟವೇನೂ ಇಲ್ಲ: ತಾರಸಿಯ ಎತ್ತರ ಸೇರಿದರೆ ಆಂಟೆನಾದ ನೆತ್ತಿ ನೆಲದಿಂದ 12–13 ಮೀಟರ್ ಮೇಲಿರುತ್ತದೆ, ಮತ್ತು ಆ ಎತ್ತರದಿಂದ ಕಡಿದಾಗಿ ಮೇಲೇರಿ ವಾತಾವರಣದ ಮೇಲ್ಪದರದಿಂದ ಕೆಳಕ್ಕೆ ಮರಳುವ ಸಂಕೇತವೇ ಹಗಲಿನಲ್ಲಿ ಕರ್ನಾಟಕ, ಕೇರಳ, ತಮಿಳುನಾಡುಗಳ ಸಂಪರ್ಕಕ್ಕೆ ಬೇಕಾದದ್ದು. ದೂರದ ದೇಶಗಳ ಗೀಳು ಹತ್ತಿದ ಮೇಲೆ ಎತ್ತರದ ಮಾತನ್ನು ಆಡೋಣ.

ಸ್ಟೇಗಳ ಬುಡವನ್ನು ಆರ್‌ಸಿಸಿ ಪಿಲ್ಲರಿನ ತಲೆಗೋ ಬೀಮಿಗೋ ಬಿಗಿಯಿರಿ. ನಮ್ಮ ಊರುಗಳಲ್ಲಿ ಮುಂದಿನ ಅಂತಸ್ತಿಗೆಂದು ಪಿಲ್ಲರಿನ ಕಂಬಿಗಳನ್ನು ತಾರಸಿಯ ಮೇಲೆ ಬಿಟ್ಟಿರುವುದು ವಾಡಿಕೆ. ತುಕ್ಕನ್ನು ಉಜ್ಜಿ ತೆಗೆದು ನೋಡಿದಾಗ ಕಂಬಿ ಸವೆದಿಲ್ಲವಾದರೆ ಅದೇ ಒಳ್ಳೆಯ ಆಧಾರ. ಕಂಬದ ಬುಡವೂ ಬೀಮಿನ ಮೇಲಿರಲಿ, ಸ್ಲ್ಯಾಬಿನ ನಡುವೆ ಬೇಡ. ಪಿಲ್ಲರುಗಳು ನಾಲ್ಕು ಮೂಲೆಗಳಲ್ಲಿದ್ದರೆ ಮೂರರ ಬದಲು ನಾಲ್ಕು ಸ್ಟೇ ಹಾಕಿ. ಉಕ್ಕಿನ ಹಗ್ಗವನ್ನು ಥಿಂಬಲ್ (ಕುಣಿಕೆಯೊಳಗೆ ಕೂರುವ ಲೋಹದ ತೋಡು) ಸುತ್ತ ಮಡಚಿ ಮೂರು ಕ್ಲಿಪ್ ಹಾಕುವಾಗ ಯು ಆಕಾರದ ಬೋಲ್ಟು ಮಡಚಿದ ಗಿಡ್ಡ ತುದಿಯ ಮೇಲೂ, ಅದರ ಅಗಲವಾದ ಪೀಠ ಭಾರ ಹೊರುವ ಉದ್ದ ತಂತಿಯ ಮೇಲೂ ಕೂರಬೇಕು. ತಿರುವುಮುರುವಾದರೆ ಬೋಲ್ಟೇ ತಂತಿಯನ್ನು ಜಜ್ಜುತ್ತದೆ. ಬಿಗಿದ ಟರ್ನ್‌ಬಕಲ್ (ತಿರುಗಿಸಿ ತಂತಿಯನ್ನು ಬಿಗಿಮಾಡುವ ತಿರುಪು) ಗಾಳಿಯ ಅದುರಿಗೆ ತಾನಾಗಿ ಬಿಚ್ಚಿಕೊಳ್ಳದಂತೆ ಅದರ ನಡುವೆ ತುಂಡು ತಂತಿ ಪೋಣಿಸಿ ಕಟ್ಟಿಬಿಡಿ. ವಿದ್ಯುತ್ ಕಂಬದ ಸ್ಟೇಯಲ್ಲಿ ನೀವು ನೋಡಿರುವ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರುಗಳಿಂದ ತಂತಿಯನ್ನು ಅಲ್ಲಲ್ಲಿ ತುಂಡರಿಸಿ, ಇಲ್ಲವಾದರೆ ಸ್ಟೇಯೇ ಆಂಟೆನಾದ ಕೆಲಸಕ್ಕೆ ಅಡ್ಡಬರುತ್ತದೆ. ಅದರೊಳಗೆ ಎರಡು ಕುಣಿಕೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಪಿಂಗಾಣಿ ಒಡೆದರೂ ತಂತಿ ಕಳಚುವುದಿಲ್ಲ.

ಇನ್ವರ್ಟೆಡ್ ವೀಯ ಒಂದೊಂದು ತೋಳು ಸುಮಾರು 10 ಮೀಟರ್ ಬರುತ್ತದೆ. ಅರ್ಧ ಅಡಿ ಹೆಚ್ಚು ಬಿಟ್ಟು, ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಹಿಂದಕ್ಕೆ ಮರಳುವ ಶಕ್ತಿಯನ್ನು ತೋರುವ ಮಾಪಕ) ನೋಡುತ್ತ ಕತ್ತರಿಸಿ. ತುದಿಗಳಲ್ಲಿ ವೋಲ್ಟೇಜ್ ಹೆಚ್ಚಿರುವುದರಿಂದ ಅವು ಕೈಗೆ ಎಟುಕಬಾರದು. ತೋಳುಗಳನ್ನು ತಾರಸಿಯ ಉದ್ದಕ್ಕೆ ಹಾಯಿಸಿ, ಅಂಚಿನಾಚೆಗೆ ಹಗ್ಗದಿಂದ ಮುಂದುವರಿಸಿ.

ಕೇಬಲ್ ವಿಚಾರದಲ್ಲಿ ಎರಡು ಉತ್ತರಗಳಿವೆ. 40 ಮೀಟರ್ ಬ್ಯಾಂಡಿನ 7 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-58 ನುಂಗುವುದು ಒಂದು ಡೆಸಿಬೆಲ್‌ಗಿಂತ ತುಸು ಹೆಚ್ಚು, ಚಿಂತೆಯಿಲ್ಲ. 2 ಮೀಟರ್ ಬ್ಯಾಂಡಿನ 145 ಮೆಗಾಹರ್ಟ್ಸ್‌ನಲ್ಲಿ ಅದೇ ಕೇಬಲ್ ಸುಮಾರು 6 ಡೆಸಿಬೆಲ್ ನುಂಗುತ್ತದೆ, ಅಂದರೆ ನೀವು ಕಳುಹಿಸಿದ ಶಕ್ತಿಯ ಕಾಲುಭಾಗವಷ್ಟೇ ಮೇಲೆ ತಲುಪುತ್ತದೆ. ಅದಕ್ಕೆ ದಪ್ಪನೆಯ ಆರ್‌ಜಿ-213 ಕೇಬಲ್ ಹಾಕಿದರೆ ಅರ್ಧಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಮಳೆಗಾಲದ ಮೊದಲು ಪ್ರತಿ ಕನೆಕ್ಟರಿಗೂ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್, ಅದರ ಮೇಲೆ ಪಿವಿಸಿ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಹೋಗುವಲ್ಲಿ ನೀರು ತೊಟ್ಟಿಕ್ಕುವಂತೆ ಕೆಳಮುಖವಾಗಿ ಒಂದು ಬಳುಕು ಕೊಡಿ.

ಪ್ರಶ್ನೆ: ಧನ್ಯವಾದಗಳು ಸರ್. ವಿದ್ಯುತ್ ತಂತಿ ಮತ್ತು ಸಿಡಿಲಿನ ಬಗ್ಗೆ?

ಉತ್ತರ: ಅಪಾಯ ಹೆಚ್ಚಾಗಿರುವುದು ಪೈಪನ್ನು ಎತ್ತುವ ಆ ಕೆಲವು ನಿಮಿಷಗಳಲ್ಲಿ. ಪೈಪ್ ಮತ್ತು ತುದಿಯ ಆಂಟೆನಾದ ಒಟ್ಟು ಉದ್ದದ ಒಂದೂವರೆ ಪಟ್ಟು ದೂರದೊಳಗೆ ವಿದ್ಯುತ್ ತಂತಿ ಇರಕೂಡದು. ನಡುವಿನಿಂದ ರಸ್ತೆಗೆ ಅಷ್ಟು ಅಂತರವಿಲ್ಲವಾದರೆ ಕಂಬವನ್ನು ಹಿಂಬದಿಯ ಬೀಮಿನತ್ತ ಸರಿಸಿ, ಆಗ ಸ್ಟೇಗಳ ಅಳತೆಯನ್ನು ಮತ್ತೊಮ್ಮೆ ಹಾಕಿ. ಅಲ್ಲಿಯೂ ಅಂತರ ಸಿಗದಿದ್ದರೆ ಕಂಬದ ಯೋಚನೆಯನ್ನೇ ಬಿಟ್ಟು ತೆಂಗಿನ ಮರಗಳ ನಡುವೆ ಡೈಪೋಲ್ (ಎರಡು ತೋಳುಗಳ ತಂತಿ ಆಂಟೆನಾ) ಕಟ್ಟಿ. ಸಿಡಿಲಿಗೆ ಸಂಬಂಧಿಸಿದಂತೆ, ಕಂಬದ ಅರ್ಥಿಂಗನ್ನು ಮನೆಯ ಅರ್ಥಿಂಗಿನೊಂದಿಗೆ ಜೋಡಿಸಲೇಬೇಕು. ಬೇರೆಬೇರೆ ಉಳಿದರೆ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ವಿದ್ಯುತ್ತು ನಿಮ್ಮ ರೇಡಿಯೊ ಮೂಲಕವೇ ಹರಿಯುತ್ತದೆ. ಮುರಕಲ್ಲಿನ ನೆಲ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳದ ಕಾರಣ ನೆಲಕ್ಕೆ ಹೊಡೆದ ಒಂದೇ ಅರ್ಥಿಂಗ್ ರಾಡಿನಿಂದ ಕೆಲಸವಾಗದು. ಏಪ್ರಿಲ್–ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳುವ ಮೊದಲೇ ಕೇಬಲನ್ನು ಕಳಚಿ ಮನೆಯ ಹೊರಗಿಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಆಂಟೆನಾದ ತುದಿಯನ್ನು ತೆಂಗಿನ ಮರಕ್ಕೆ ನೈಲಾನ್ ಹಗ್ಗದಿಂದ ಕಟ್ಟಬಹುದೇ?

ಉತ್ತರ: ನೈಲಾನ್ ಹಿಗ್ಗುತ್ತದೆ, ಅಗ್ಗದ ಪಾಲಿಪ್ರೊಪಿಲಿನ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ಹೆಣೆದ ಪಾಲಿಯೆಸ್ಟರ್ ಹಗ್ಗ ಒಳ್ಳೆಯದು. ಮರಕ್ಕೆ ನೇರವಾಗಿ ಗಂಟು ಹಾಕಿದರೆ ಗಾಳಿಗೆ ಮರ ತೂಗಿದಾಗ ಆಂಟೆನಾ ತಂತಿ ಹರಿಯುತ್ತದೆ. ಮರಕ್ಕೆ ಒಂದು ರಾಟೆ ಕಟ್ಟಿ, ಹಗ್ಗವನ್ನು ಅದರ ಮೇಲೆ ಹಾಯಿಸಿ, ಕೆಳತುದಿಗೆ ಮರಳು ತುಂಬಿದ ಡಬ್ಬಿಯನ್ನು ತೂಗುಬಿಡಿ. ಮಕ್ಕಳು ಓಡಾಡುವ ಜಾಗವಾದರೆ ಡಬ್ಬಿಯ ಕೆಳಗೆ ಬೇಲಿ ಇರಲಿ.