ಸಿಂಧು, ಕೈ ಜೋಮಿನ ವಿಷಯ ಪೂರ್ತಿ ಕೇಳು

ಸಿಂಧು, ದೊಡ್ಡಮ್ಮ ಕಣೇ. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತದೆ, ಲಕ್ವ ಇರಬಹುದಾ, ಲ್ಯಾಪ್‌ಟಾಪ್ ಒತ್ತಿ ಹೀಗಾಯಿತಾ ಅಂತ ಕೇಳಿದ್ದೀಯಲ್ಲ. ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಬೇರೆ ವಿಷಯ, ಆಗ ತಕ್ಷಣ ಆಸ್ಪತ್ರೆಗೆ ಓಡಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾಗಿ ಕಿರುಬೆರಳು ಚೆನ್ನಾಗಿದ್ದರೆ, ಕೈ ಕೊಡವಿದಾಗ ಹಗುರಾದರೆ, ನನಗೆ ಬಂದಿದ್ದೇ ನಿನಗೂ ಬಂದಿರಬೇಕು. ಕಾರ್ಪಲ್ ಟನಲ್. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟು ದಾರಿ ಇದೆ. ಬೆರಳು ಮಡಚುವ 9 ನಾರುಗಳ ಜೊತೆ ಒಂದು ನರವೂ ಅಲ್ಲೇ ನುಸುಳಬೇಕು. ಒಳಗೆ ಊದಿದರೆ ನರ ಅದುಮಿಹೋಗುತ್ತದೆ.

ಕೆಲಸದಿಂದ ಬಂತು ಅಂತ ಸುಮ್ನೆ ಕೂರಬೇಡ, ರಕ್ತ ಪರೀಕ್ಷೆ ಮಾಡಿಸು.

ನನಗೆ ಶುರುವಾಗಿದ್ದು ಹಳೇ ಮನೆಯಲ್ಲಿದ್ದಾಗ, ಕಾಫಿ ಗಿಡದ ರೆಂಬೆ ಕತ್ತರಿಸುವ ಕಸಿ ಟೈಮಲ್ಲಿ. ಕತ್ತರಿ ಹಿಡಿದು ಹಾಗಾಗಿದೆ, ಎಣ್ಣೆ ತಿಕ್ಕು ಅಂದರು ಎಲ್ಲರೂ. ತಿಕ್ಕಿದ್ದೇ ತಿಕ್ಕಿದ್ದು. ಕಸಿ ಮುಗಿದರೂ ಜೋಮು ಹೋಗಲಿಲ್ಲ. ರವಿಕೆ ಹುಕ್ಕು ಹಾಕಲು ಬೆರಳು ಕೇಳಲಿಲ್ಲ. ಒಂದಿನ ಕಾಫಿ ಲೋಟ ಜಾರಿ ಸೀರೆ ಮೇಲೇ ಚೆಲ್ಲಿತು. ನೋಡಿದರೆ ಹೆಬ್ಬೆರಳ ಬುಡದ ಮಾಂಸವೇ ಇಳಿದು ಗುಳಿ ಬಿದ್ದಿದೆ! ಕೊನೆಗೆ ಹಾಸನದಲ್ಲಿ ಡಾಕ್ಟರು ರಕ್ತ ತೆಗೆಸಿದರು. ಥೈರಾಯ್ಡ್ ಕಡಿಮೆ. ಶುಗರ್ರು, ಕೀಲುವಾತ, ಹಿಂದೆ ಮಣಿಕಟ್ಟು ಮುರಿದಿದ್ದು, ಇವುಗಳಿಂದಲೂ ಬರುತ್ತದಂತೆ. ನಿಮ್ಮ ಚಿಕ್ಕಮ್ಮನಿಗೆ ಬಸುರಿಯಲ್ಲಿ ಬಂದು, ಹೆರಿಗೆ ಆದಮೇಲೆ ತಾನಾಗೇ ಹೋಯಿತು. ಕಳೆ ಹೊಡೆಯುವ ಮಷೀನಿನ ನಡುಕವೂ ಒಳ್ಳೆಯದಲ್ಲ. ಬರೀ ಟೈಪ್ ಮಾಡಿ ಬರುತ್ತದೆ ಅನ್ನುವುದಕ್ಕೆ ಮಾತ್ರ ಅಂಥ ಗಟ್ಟಿ ಪುರಾವೆ ಇಲ್ಲ ಅಂದರು.

ನಿಮ್ಮ ದೊಡ್ಡಪ್ಪನಿಗೆ ಮಂಡಿ ನೋವು ಅಂದಾಗ ಜೀಪು ಬಾಗಿಲಿಗೇ ಬಂತು. ನನ್ನ ಕೈಗೆ ಕೊಬ್ಬರಿ ಎಣ್ಣೆ! ಆ ವರ್ಷ ದೀಪಾವಳಿಗೆ ಮನೆಮಂದಿಗೆಲ್ಲ ಶ್ಯಾವಿಗೆ ಒತ್ತಿದ್ದು ಇದೇ ಕೈ. ಇನ್ನೊಂಚೂರು ಹಾಕಿ ಅಂತ ತಟ್ಟೆ ಒಡ್ಡಿದವರು ಈ ಗ್ರೂಪಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಕೈ ಹೇಗಿದೆ ಅಂತ ಒಬ್ಬರಾದರೂ ಕೇಳಿದರಾ?

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಮಣಿಕಟ್ಟು ಮಡಚಿ ಮಲಗಬೇಡ. ಮೆಡಿಕಲ್ ಶಾಪಲ್ಲಿ ಮಣಿಕಟ್ಟಿಗೆ ಕಟ್ಟುವ ಸ್ಪ್ಲಿಂಟ್ ಕೇಳು. ರಾತ್ರಿ ಕೈ ನೇರ ಇರುವ ಹಾಗೆ ಕಟ್ಟಿಕೋ, ಜಾಸ್ತಿ ಬಿಗಿ ಬೇಡ. ಕೆಲವು ವಾರದಲ್ಲಿ ಕಡಿಮೆ ಆಗದಿದ್ದರೆ ನರದ ಪರೀಕ್ಷೆ ಮಾಡುತ್ತಾರೆ. ಹಿಡಿತ ಸಡಿಲ ಆಗಿದ್ದರೆ ಅಷ್ಟು ದಿನವೂ ಕಾಯಬೇಡ. ಮತ್ತೆ ಹೇಳುತ್ತೇನೆ, ಕೆಲಸದಿಂದ ಅಂತ ಕೂರಬೇಡ, ಥೈರಾಯ್ಡು ಶುಗರ್ರು ಎರಡೂ ನೋಡಿಸು. ರಿಪೋರ್ಟ್ ಬಂದಮೇಲೆ ನನಗೆ ಕಳಿಸು. ಗ್ರೂಪಿಗೆ ಹಾಕಬೇಡ, ಎಣ್ಣೆ ಹೆಸರು ಹೇಳಲು ಶುರು ಮಾಡುತ್ತಾರೆ.