ಊಟದ ಡಬ್ಬಿ, ಡೀಸೆಲ್ ಕಾರು, ಲಂಡನ್ ಮೇಯರ್

(2024ರ ಮೇ 2ರ ಲಂಡನ್ ಮೇಯರ್ ಚುನಾವಣೆಗೆ ಮುಂಚೆ ಇಲ್ಲಿನ ನಮ್ಮ ಕನ್ನಡದವರ ಗುಂಪಿಗೆ ಬರೆದದ್ದು.) ಭಾರತದ ಪ್ರಜೆಗಳಾದ ನಾವು ಓಟು ಹಾಕಬಹುದಾ ಅಂತ ಹೌನ್ಸ್ಲೋದ ಅಕ್ಕ ಕೇಳಿದ್ದಕ್ಕೆ ಮೊದಲು ಉತ್ತರ. ಹೌದು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಮೇ 2ಕ್ಕೆ ಓಟು ಹಾಕಬಹುದು. ವೀಸಾ ಇದ್ದು ಇಲ್ಲಿ ವಾಸವಾಗಿರುವ ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ. ಪಟ್ಟಿಗೆ ಹೆಸರು ಸೇರಿಸಲು ಏಪ್ರಿಲ್ 16 ಕೊನೆ ದಿನವಾಗಿತ್ತು, ಸೇರಿಸದವರಿಗೆ ಈ ಸಲ ಇಲ್ಲ.

"ನಮಗ್ಯಾಕೆ ಊರ ಉಸಾಬರಿ" ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ನಾನೂ ಬಹಳ ವರ್ಷ ಹಾಗೇ ಇದ್ದೆ. ಬೆಂಗಳೂರಿನಲ್ಲಿ ಬೆಳೆದವಳಿಗೆ ಮೇಯರ್ ಅಂದರೆ ವರ್ಷಕ್ಕೊಬ್ಬರು ಬದಲಾಗುತ್ತಿದ್ದ ಹುದ್ದೆ. 2020ರ ಸೆಪ್ಟೆಂಬರ್‌ನಿಂದ ಅಲ್ಲಿ ಅದೂ ಇಲ್ಲ, ಕಾರ್ಪೊರೇಟರುಗಳೇ ಇಲ್ಲ. ಲ್ಯಾಂಬೆತ್ ಬರೋಗೆ (ಬರೋ ಅಂದರೆ ಲಂಡನ್ನಿನ ಒಂದು ಆಡಳಿತ ಭಾಗ) ನಮ್ಮ ಕಲಬುರಗಿಯ ನೀರಜ್ ಪಾಟೀಲರು ಮೇಯರ್ ಆಗಿದ್ದರಲ್ಲ, ಆ ಹುದ್ದೆ ಬೇರೆ. ಇದು ಇಡೀ ಲಂಡನ್ನಿನದು. ನಾಲ್ಕು ವರ್ಷ, ಬಸ್ಸು, ಟ್ಯೂಬು, ಪೊಲೀಸ್ ಬಜೆಟ್ಟು ಎಲ್ಲ ಇವರ ಕೈಯಲ್ಲಿ. ಶಾಲೆ, ಆಸ್ಪತ್ರೆ ನಡೆಸುವುದು ಮಾತ್ರ ಇವರ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಕೇಳಿ ಓಟು ಹಾಕಬೇಡಿ.

ಕಣದಲ್ಲಿ 13 ಜನ ಇದ್ದರೂ ನಿಜವಾದ ಪೈಪೋಟಿ ಈಗಿನ ಮೇಯರ್, ಲೇಬರ್ ಪಕ್ಷದ ಸಾದಿಕ್ ಖಾನ್ ಮತ್ತು ಕನ್ಸರ್ವೇಟಿವ್‌ನ ಸೂಸನ್ ಹಾಲ್ ನಡುವೆ. ಮೊದಲಿನ ಹಾಗೆ ಎರಡನೇ ಆಯ್ಕೆ ಗುರುತು ಹಾಕುವುದು ಈ ಸಲ ಇಲ್ಲ, ಒಬ್ಬರಿಗೇ ಓಟು. ಹಾಲ್ ನಮ್ಮ ಹ್ಯಾರೋ ಬರೋದವರೇ, ಇಲ್ಲಿನ ಕೌನ್ಸಿಲ್ ನಾಯಕಿ ಆಗಿದ್ದವರು. ಊರಿನವರು ಅನ್ನುವ ಮಮತೆ ನನಗೂ ಇದೆ.

ಆದರೆ ಊಟದ ವಿಷಯ ನೋಡಿ, ಶಾಲೆ ಇವರದಲ್ಲದಿದ್ದರೂ ಊಟದ ದುಡ್ಡು ಮೇಯರ್ ಕೊಡಬಹುದು. ಎರಡನೇ ತರಗತಿಯವರೆಗಿನ (ಇಯರ್ 2) ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟ 2014ರಿಂದಲೇ ಪುಕ್ಕಟೆ. ಮೂರರಿಂದ ಆರರವರೆಗೆ ಖಾನ್ 2023ರ ಸೆಪ್ಟೆಂಬರ್‌ನಿಂದ ಕೊಡಿಸುತ್ತಿದ್ದಾರೆ, ತಾನು ಮೇಯರ್ ಆಗಿರುವಷ್ಟು ದಿನ ನಿಲ್ಲಿಸುವುದಿಲ್ಲ ಅಂದಿದ್ದಾರೆ. ನನ್ನ ಮಗಳು ನಾಲ್ಕನೇ ತರಗತಿ. ಬೆಳಿಗ್ಗೆ ಏಳಕ್ಕೆ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬುವುದು, ಸಂಜೆ ಅದೇ ಚಿತ್ರಾನ್ನ ತಣ್ಣಗೆ ವಾಪಸ್ ಬರುವುದು ತಪ್ಪಿತು. ಈಗ ಮನೆಯಲ್ಲೂ ಜಾಕೆಟ್ ಪೊಟೇಟೊ (ಸಿಪ್ಪೆ ಸಮೇತ ಬೇಯಿಸಿದ ಇಡೀ ಆಲೂಗಡ್ಡೆ) ಬೇಕು ಅಂತಾಳೆ, ಅದು ಬೇರೆ ಕಥೆ. ಮೇಲೆ ಬಸ್ಸು: ನನ್ನ ಹನ್ನೆರಡರ ಮಗ ಜಿಪ್ ಆಯ್ಸ್ಟರ್ (ಮಕ್ಕಳ ಪ್ರಯಾಣದ ಕಾರ್ಡು) ಹಿಡಿದು ಕಾಸಿಲ್ಲದೆ ಓಡಾಡುತ್ತಾನೆ.

ಇನ್ನು ಉಲೆಜ್, ಅಂದರೆ ಹೊಗೆ ಹೆಚ್ಚು ಉಗುಳುವ ಗಾಡಿ ಓಡಿಸಿದರೆ ಕಟ್ಟಬೇಕಾದ ದಿನದ ಶುಲ್ಕ. ಇದರ ಬಗ್ಗೆ ಗುಂಪಿನಲ್ಲಿ ಈಗಾಗಲೇ ಸಾಕಷ್ಟು ಕಿತ್ತಾಟ ಆಗಿದೆ. 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳಿಗೂ ಬಂತು, ಹಳೇ ಗಾಡಿಗೆ ದಿನಕ್ಕೆ 12.50 ಪೌಂಡು. ನಮ್ಮ 2011ರ ಡೀಸೆಲ್ ಕಾರು ಗುಜರಿಗೆ ಹೋಯಿತು, ಕೈಗೆ ಬಂದದ್ದು 2,000 ಪೌಂಡು. ಅದರಲ್ಲಿ ಸರಿಯಾದ ಕಾರು ಎಲ್ಲಿ ಸಿಗುತ್ತೆ? ನಮ್ಮವರು ಇವತ್ತಿಗೂ ಗೊಣಗುತ್ತಾರೆ. ಪಕ್ಕದ ಅಕ್ಸ್‌ಬ್ರಿಡ್ಜ್‌ನಲ್ಲಿ 2023ರ ಜುಲೈನ ಸಂಸತ್ ಉಪಚುನಾವಣೆಯನ್ನು ಕನ್ಸರ್ವೇಟಿವ್ ಪಕ್ಷ 495 ಓಟಿನಿಂದ ಗೆದ್ದದ್ದು ಇದೇ ಸಿಟ್ಟಿನ ಮೇಲೆ. ಗೆದ್ದರೆ ಮೊದಲ ದಿನವೇ ಈ ವಿಸ್ತರಣೆ ರದ್ದು ಅನ್ನುವುದು ಹಾಲ್ ಮಾತು. (ಉಲೆಜ್‌ನ ಮೂಲ ಯೋಜನೆ ಬೋರಿಸ್ ಜಾನ್ಸನ್ ಮೇಯರ್ ಆಗಿದ್ದಾಗಿನದು.)

ನನಗೂ ಹೊಟ್ಟೆ ಉರಿದಿತ್ತು. ಆಮೇಲೆ ಲೂಯಿಷಮ್‌ನ ಎಲ್ಲಾ (Ella) ಎಂಬ ಹುಡುಗಿಯ ವಿಷಯ ಓದಿದೆ. ಸೌತ್ ಸರ್ಕ್ಯುಲರ್ ರಸ್ತೆಯ ಹತ್ತಿರ ಮನೆ, ಆಸ್ತಮಾ, 2013ರಲ್ಲಿ ತೀರಿಕೊಂಡಾಗ ಒಂಬತ್ತು ವರ್ಷ. ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣ ಅಂತ 2020ರಲ್ಲಿ ಕೊರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ಬರೆದರು. ನನ್ನ ಮಗನಿಗೂ ಇನ್‌ಹೇಲರ್ ಇದೆ. ಓದಿದ ರಾತ್ರಿ ಕಾರಿನ ನೆನಪಾಗಲಿಲ್ಲ.

ಹಾಲ್ ಹೇಳುವುದರಲ್ಲಿ ನನ್ನನ್ನು ಅಲುಗಾಡಿಸುವುದು ಪೊಲೀಸ್ ವಿಷಯ. ಮೆಟ್‌ಗೆ (ಲಂಡನ್ ಪೊಲೀಸ್) 20 ಕೋಟಿ ಪೌಂಡು ಹೆಚ್ಚಿಗೆ ಕೊಡುತ್ತೇನೆ ಅಂತಾರೆ. ಚಳಿಗಾಲದಲ್ಲಿ ಮಗ ಬಸ್ ಸ್ಟಾಪಿನಿಂದ ಕತ್ತಲಲ್ಲಿ ನಡೆದು ಬರುವಾಗ ನಾನು ಕಿಟಕಿಯಲ್ಲಿ ನಿಂತಿರುತ್ತೇನೆ. ಅವನ ಸಹಪಾಠಿಯ ಫೋನು ಕಿತ್ತುಕೊಂಡು ಹೋದರು. ಚಾಕುವಿನ ಸುದ್ದಿ ಬಂದಾಗಲೆಲ್ಲ, ಎಂಟು ವರ್ಷ ಕುರ್ಚಿಯಲ್ಲಿದ್ದವರು ಇನ್ನೂ ಲೆಕ್ಕ ಕೊಟ್ಟಿಲ್ಲ ಅನ್ನಿಸುತ್ತದೆ. ಕೇಂದ್ರ ಸರ್ಕಾರ ದುಡ್ಡು ಕಡಿತ ಮಾಡಿತು ಅನ್ನುವ ಖಾನ್ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಕಿಟಕಿಯಲ್ಲಿ ನಿಂತ ತಾಯಿಗೆ ಅದು ಸಾಲದು. ಮನೆ ಕಂದಾಯದಂಥ ಕೌನ್ಸಿಲ್ ಟ್ಯಾಕ್ಸಿನಲ್ಲಿ ಮೇಯರ್ ಪಾಲು ಮಧ್ಯಮ ದರ್ಜೆಯ (ಬ್ಯಾಂಡ್ ಡಿ) ಮನೆಗೆ 2024-25ಕ್ಕೆ 471 ಪೌಂಡು ದಾಟಿದೆ, ಅದೂ ಇರಲಿ.

ಹೀಗಾಗಿ ನಮ್ಮ ಮನೆಯಲ್ಲಿ ಎರಡು ಓಟು ಎರಡು ದಿಕ್ಕಿಗೆ. ನಮ್ಮವರದು ಹಾಲ್‌ಗೆ. ನಾನು ಊಟದ ಡಬ್ಬಿ ಮತ್ತು ಇನ್‌ಹೇಲರ್ ನೋಡಿ ಖಾನ್‌ಗೆ ಹಾಕುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಮಗಳಿಗೆ ಓಟಿದ್ದರೆ ಜಾಕೆಟ್ ಪೊಟೇಟೊಗೆ ಹಾಕುತ್ತಿದ್ದಳು.

ಅಂದಹಾಗೆ, ಬೂತಿಗೆ ಹೋಗುವಾಗ ಪಾಸ್‌ಪೋರ್ಟ್ ಒಯ್ಯಿರಿ, ಈ ಸಲ ಫೋಟೋ ಗುರುತು ಕೇಳುತ್ತಾರೆ. ಭಾರತದ ಡಿಎಲ್ ತೋರಿಸಿದರೆ ನಡೆಯೋದಿಲ್ಲ.