ಪದಚರ್ಚೆ: ‘ರೈಲ್‌ಬ್ಯಾಂಕಿಂಗ್’ ಅಂದರೆ ಬೀಳೋ, ಪಾಳೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ. ವಿಷಯ ಸಲೀಸು ಅಂದುಕೊಂಡಿದ್ದೆ. ನಾವಿರುವ ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ರೈಲು ನಿಂತುಹೋದ ಹಳೆಯ ಮಾರ್ಗವೊಂದನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿಯಾಗಿ ಮಾಡುತ್ತಿದ್ದಾರೆ. ಅದಕ್ಕೆಂದೇ ಕಾಯ್ದೆ ತಂದು ಒಂದು ಸರ್ಕಾರಿ ಸಂಸ್ಥೆ ಕಟ್ಟಿದ್ದಾರೆ. ಎರಡು ಪುಟ ಮುಗಿಯುವಷ್ಟರಲ್ಲಿ ನಾಲ್ಕೈದು ಪದಗಳು ಅಡ್ಡ ಬಂದವು. ಅದರಲ್ಲಿ ‘ರೈಲ್‌ಬ್ಯಾಂಕಿಂಗ್’, ಅಂದರೆ ರೈಲು ನಿಂತ ಮಾರ್ಗದ ನೆಲವನ್ನು ಮುಂದೆ ರೈಲಿಗೆ ಬೇಕಾದೀತೆಂದು ಉಳಿಸಿಕೊಂಡು ಅಲ್ಲಿಯವರೆಗೆ ದಾರಿಯಾಗಿ ಬಳಸುವುದು, ಮೂರು ವಾರದಿಂದ ಕಾಡುತ್ತಿದೆ. ಬಲ್ಲವರು ಕೈಹಿಡಿಯಬೇಕು.

ಮೊದಲು ಹಿನ್ನೆಲೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೂ ಉತ್ತರದ ಹಂಬೋಲ್ಟ್ ಕೊಲ್ಲಿಗೂ ನಡುವೆ ನಾರ್ತ್‌ವೆಸ್ಟರ್ನ್ ಪೆಸಿಫಿಕ್ ರೈಲುಮಾರ್ಗ ಪೂರ್ತಿಯಾದದ್ದು 1914ರಲ್ಲಿ. ರೆಡ್‌ವುಡ್ ದಿಮ್ಮಿ, ಹಲಗೆ ಸಾಗಿಸುವುದು ಅದರ ಮುಖ್ಯ ಕಸುಬು. ದಾರಿ ಹೋಗುವುದು ಈಲ್ ನದಿಯ ಕಣಿವೆಯಲ್ಲಿ. ಅಲ್ಲಿ ಮಳೆಗಾಲ ಬಂದರೆ ಗುಡ್ಡ ಜರಿಯುವುದು ಮಾಮೂಲು. 1964ರ ಡಿಸೆಂಬರ್ ಪ್ರವಾಹದಲ್ಲಿ ಹಳಿ ಸೇತುವೆಗಳು ಎಷ್ಟೋ ಕಡೆ ಕೊಚ್ಚಿಹೋದವು, ಮತ್ತೆ ಕಟ್ಟಿದರು. 1989ರಲ್ಲಿ ರಾಜ್ಯದ ಶಾಸನಸಭೆ ಕಾಯ್ದೆ ಮಾಡಿ ನಾರ್ತ್ ಕೋಸ್ಟ್ ರೈಲ್‌ರೋಡ್ ಅಥಾರಿಟಿಯನ್ನು ಹುಟ್ಟುಹಾಕಿತು, ರೈಲು ಉಳಿಯಲಿ ಅಂತ. ಉಳಿಯಲಿಲ್ಲ. 1998ರಲ್ಲಿ ಕೇಂದ್ರದ ರೈಲು ಸುರಕ್ಷತೆಯವರು ಮಾರ್ಗ ಮುಚ್ಚಿಸಿದರು. ಆಮೇಲೆ ರಾಜ್ಯದ ಸೆನೆಟರ್ ಮೈಕ್ ಮೆಗ್ವೈರ್ ಮಾರ್ಗವನ್ನು ನಡೆಯುವ ದಾರಿಯಾಗಿ ಮಾಡಲೆಂದು 2018ರಲ್ಲಿ ಒಂದು ಮಸೂದೆ, 2021ರಲ್ಲಿ ಇನ್ನೊಂದು ಮಸೂದೆ ತಂದರು. ಎರಡನೆಯದು, ಅಂದರೆ ಸೆನೆಟ್ ಮಸೂದೆ 69, ಹಳೆಯ ಅಥಾರಿಟಿಯನ್ನೇ ಗ್ರೇಟ್ ರೆಡ್‌ವುಡ್ ಟ್ರೇಲ್ ಏಜೆನ್ಸಿ ಅಂತ ಮಾಡಿತು. 2022ರಿಂದ ಕೆಲಸ ಹೊಸ ಹೆಸರಿನಲ್ಲಿ. ಒಟ್ಟು ಉದ್ದ ಸುಮಾರು 320 ಮೈಲಿ, ನಮ್ಮ ಲೆಕ್ಕದಲ್ಲಿ 500 ಕಿಲೋಮೀಟರಿಗೂ ಮೇಲೆ. ದಕ್ಷಿಣದ ತುದಿಯ ಸೊನೋಮಾ, ಮರಿನ್ ಜಿಲ್ಲೆಗಳ ಪಾಲು ಅಲ್ಲಿನ ಸ್ಥಳೀಯ ರೈಲು ಓಡಿಸುವ ಸ್ಮಾರ್ಟ್ ಎಂಬ ಸಂಸ್ಥೆಗೆ. ಅದರಾಚೆಯದು ಹೊಸ ಏಜೆನ್ಸಿಗೆ.

‘ರೆಡ್‌ವುಡ್’ ಹಾಗೇ ಇರಲಿ ಅಂತ ತೀರ್ಮಾನಿಸಿಯಾಗಿದೆ. ಯಾಕೆಂದರೆ ನನ್ನ ಕರಡನ್ನು ತಿದ್ದಿಕೊಟ್ಟ ಗೆಳೆಯರೊಬ್ಬರು ಉತ್ಸಾಹದಲ್ಲಿ ಅದನ್ನು ‘ಮಹಾ ರಕ್ತಚಂದನ ಹಾದಿ’ ಮಾಡಿ ಕಳಿಸಿದ್ದರು. ಓದಿದವರು ಕಳ್ಳಸಾಗಣೆಯ ದಾರಿ ಅಂದುಕೊಳ್ಳುವುದು ಖಂಡಿತ.

ಇನ್ನು ಸಂಸ್ಥೆಯ ಹೆಸರು. ‘ಅಥಾರಿಟಿ’ಗೆ ನಮ್ಮಲ್ಲಿ ಪ್ರಾಧಿಕಾರ ಗಟ್ಟಿಯಾಗಿ ನಿಂತಿದೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ ಹಿಡಿದು. ತೊಡಕು ಇಷ್ಟೇ: ಇಲ್ಲಿ ಕಾಯ್ದೆಯೇ ಅಥಾರಿಟಿಯನ್ನು ಏಜೆನ್ಸಿ ಅಂತ ಬದಲಿಸಿದೆ. ಎರಡಕ್ಕೂ ಪ್ರಾಧಿಕಾರ ಅಂದರೆ ‘ಪ್ರಾಧಿಕಾರವನ್ನು ಪ್ರಾಧಿಕಾರವಾಗಿ ಮಾರ್ಪಡಿಸಲಾಯಿತು’ ಅಂತ ಬರೆಯಬೇಕಾಗುತ್ತದೆ. ಏಜೆನ್ಸಿ ಅಂತ ಬಿಟ್ಟರೆ ನಮ್ಮ ಊರಿನವರಿಗೆ ಗ್ಯಾಸ್ ಏಜೆನ್ಸಿ, ಪೇಪರ್ ಏಜೆನ್ಸಿ ನೆನಪಾಗುತ್ತದೆ. ನಿಗಮ ಅಂದರೆ ಬಸ್ಸು ಬಂದಂತೆ. ಮಂಡಳಿ ಪರವಾಗಿಲ್ಲ, ಆದರೆ ಈ ಸಂಸ್ಥೆಗೆ ಒಳಗೇ ಒಂದು ನಿರ್ದೇಶಕ ಮಂಡಳಿ ಇದೆ, ಮಂಡಳಿಯ ಮಂಡಳಿ ಆಗುತ್ತದೆ. ನಾನು ಹೆಸರಿನಲ್ಲಿ ಏಜೆನ್ಸಿ ಉಳಿಸಿ, ಮಾತಿನ ನಡುವೆ ಸುಮ್ಮನೆ ‘ಸಂಸ್ಥೆ’ ಅಂತ ಬಳಸಿದ್ದೇನೆ. ಇದರಲ್ಲಿ ಹೆಚ್ಚು ಎಳೆದಾಡುವುದು ಬೇಡ. ಮಸೂದೆ ಕಾಯ್ದೆಗಳ ವಿಷಯವೂ ಅಷ್ಟೇ: ವಿಧೇಯಕ, ಅಧಿನಿಯಮ ರಾಜ್ಯಪತ್ರಕ್ಕೆ ಇರಲಿ.

‘ಟ್ರೇಲ್’ ಸ್ವಲ್ಪ ಕಷ್ಟ. ಜಾಡು ಅಂದರೆ ಕಳ್ಳನದೋ ಹುಲಿಯದೋ ಗುರುತು. ಕಟ್ಟಿದ ದಾರಿಗೆ ಒಪ್ಪುವುದಿಲ್ಲ. ಕಾಲುದಾರಿ ಚೆನ್ನಾದ ಮಾತು, ಆದರೆ ಒಬ್ಬರ ಹಿಂದೆ ಒಬ್ಬರು ಹೋಗುವ ಸಣ್ಣ ದಾರಿ ಅದು. ಇಲ್ಲಿ ಸೈಕಲ್ಲು, ಗಾಲಿಕುರ್ಚಿ, ಕೆಲವು ಕಡೆ ಕುದುರೆ ಕೂಡ. ಚಾರಣಪಥ ಅಂದರೆ ಬೆನ್ನಿಗೆ ಚೀಲ ಹಾಕಿಕೊಂಡವರಿಗೆ ಮಾತ್ರ ಅನ್ನಿಸುತ್ತದೆ. ಯುಕೈಯಾ ಊರೊಳಗಿನ ತುಂಡಿನಲ್ಲಿ ನಾನು ಕಂಡದ್ದು ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ಅಮ್ಮಂದಿರನ್ನು. ಪಕ್ಕದಲ್ಲೇ ತುಕ್ಕು ಹಿಡಿದ ಹಳಿ, ಸ್ಲೀಪರುಗಳ ನಡುವೆ ಆಳೆತ್ತರದ ಸೋಂಪಿನ ಗಿಡ. ಒಂದು ತೆನೆ ಮುರಿದು ಉಜ್ಜಿದರೆ ಕೈಯೆಲ್ಲ ಹೋಟೆಲಿನ ಬಿಲ್ಲಿನ ತಟ್ಟೆಯ ವಾಸನೆ.

ಹಾಗಾಗಿ ‘ಹಳಿಹಾದಿ’ ಅಂತ ಒಂದು ಪದ ಕಟ್ಟಿ ಬೀಗಿದ್ದೆ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ, ‘ಇವತ್ತು ಹಳಿಹಾದೀಲಿ ನಾಲ್ಕು ಮೈಲಿ ನಡೆದೆ ಕಣಮ್ಮ’ ಅಂದೆ.

‘ರೈಲು ಬಂದಿದ್ರೆ ಏನ್ ಗತಿಯೋ?’ ಅಂದಳು.

ಅಲ್ಲಿಗೆ ಪದ ಬಿತ್ತು. ಕೇಳುವವರ ಕಿವಿಗೆ ಅದು ರೈಲುಮಾರ್ಗವೇ. ಈಗ ‘ಹಳೆಹಳಿ ದಾರಿ’ ಅಂತ ತಿದ್ದಿದ್ದೇನೆ. ಹಳಿ ಹಳೆಯದು, ದಾರಿ ಹೊಸದು. ನಮ್ಮ ಕಡೆ ಹಳಿಗೆ ಕಂಬಿ ಅಂತಲೂ ಅನ್ನುತ್ತೇವೆ, ‘ಕಂಬಿ ಕಿತ್ತ ದಾರಿ’ ಅಂದರೆ ಕೆಲವು ಕಡೆ ಅಕ್ಷರಶಃ ನಿಜವೂ ಹೌದು. ಆದರೆ ಕಂಬಿ ಕಿತ್ತವನು ಅಂದರೆ ಸಾಲಗಾರರಿಗೆ ಕೈಕೊಟ್ಟು ಓಡಿಹೋದವನು. ಸರ್ಕಾರಿ ಸಂಸ್ಥೆಗೆ ಆ ಹೆಸರು ಬೇಡ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೆನಪಿರುವವರು ಇಲ್ಲಿ ಇರುತ್ತೀರಿ. ಗೇಜ್ ಬದಲಾವಣೆಗೆ 1996ರಲ್ಲಿ ರೈಲು ನಿಂತ ಮೇಲೆ ಹತ್ತು ವರ್ಷ ಆ ಮಾರ್ಗದಲ್ಲಿ ನಡೆದವರು ಎಷ್ಟು ಜನ! ಆಗ ನಾವು ಹೇಳುತ್ತಿದ್ದದ್ದು ‘ಟ್ರ್ಯಾಕ್ ಮೇಲೆ ಹೋಗೋದು’ ಅಂತ ಅಷ್ಟೇ. ಅದಕ್ಕೆ ಬೇರೆ ಪದ ಬೇಕಾಗಲೇ ಇಲ್ಲ, ಏಕೆಂದರೆ ಕಾನೂನಿನ ಕಣ್ಣಿಗೆ ಅದು ದಾರಿಯೇ ಆಗಿರಲಿಲ್ಲ. 2006ರಲ್ಲಿ ಗೂಡ್ಸ್ ಓಡಿತು, ಮರುವರ್ಷದ ಕೊನೆಗೆ ಪ್ಯಾಸೆಂಜರ್ ಬಂತು. ಈಗ ಅಲ್ಲಿ ಕಾಲಿಟ್ಟರೆ ದಂಡ.

‘ಕಾರಿಡಾರ್’ಗೆ ಆನೆ ಕಾರಿಡಾರ್, ಕೈಗಾರಿಕಾ ಕಾರಿಡಾರ್ ಅಂತ ಪತ್ರಿಕೆಗಳು ರೂಢಿ ಮಾಡಿವೆ. ನನಗೆ ಬೇಕಿರುವುದು ಹಳಿ ಮತ್ತು ಅದರ ಎರಡೂ ಬದಿಯ ಜಾಗ ಸೇರಿದ ಉದ್ದನೆಯ ನೆಲ. ಕರಾವಳಿ ಪಟ್ಟಿ ಅನ್ನುವಂತೆ ‘ಹಳಿಪಟ್ಟಿ’ ಅಂದಿದ್ದೇನೆ. ಆಕ್ಷೇಪವಿದ್ದರೆ ಹೇಳಿ.

ಈಗ ಮುಖ್ಯ ಪ್ರಶ್ನೆ: ‘ರೈಲ್‌ಬ್ಯಾಂಕಿಂಗ್’.

ಪದದ ಹಿಂದಿರುವ ಸಂಗತಿ ತಿಳಿಯದೆ ಪದ ಹುಡುಕಲಾಗದು. ಅಮೆರಿಕದಲ್ಲಿ ಅನೇಕ ಕಡೆ ರೈಲು ಕಂಪನಿಗಳು ಹೊಲದವರಿಂದ ನೆಲವನ್ನು ಕೊಂಡಿರಲಿಲ್ಲ. ರೈಲು ಓಡಿಸುವ ಹಕ್ಕನ್ನಷ್ಟೇ ಪಡೆದಿದ್ದವು. ರೈಲು ಕೈಬಿಟ್ಟರೆ ಹಕ್ಕು ಹೋಯಿತು, ನೆಲ ಅಕ್ಕಪಕ್ಕದ ಜಮೀನುದಾರರಿಗೆ ಮರಳಿತು. ಒಂದೊಂದು ಮಾರ್ಗ ಮುಚ್ಚಿದಾಗಲೂ ಹಳಿಪಟ್ಟಿ ಹೀಗೆ ತುಂಡುತುಂಡಾಗಿ ಕರಗುತ್ತಿತ್ತು. ಒಂದು ಸಲ ಕರಗಿದರೆ ಮತ್ತೆ ಅಷ್ಟುದ್ದ ನೆಲ ಕೂಡಿಸುವುದು ಯಾರಿಂದಲೂ ಆಗದ ಮಾತು. ಅದಕ್ಕೆ ಅಮೆರಿಕ ಕಾಂಗ್ರೆಸ್ 1983ರಲ್ಲಿ ರಾಷ್ಟ್ರೀಯ ಟ್ರೇಲ್ ಕಾಯ್ದೆಗೆ ತಿದ್ದುಪಡಿ ತಂದು ಒಂದು ಉಪಾಯ ಮಾಡಿತು: ಮುಂದೆಂದಾದರೂ ರೈಲು ಬೇಕಾದೀತು ಎಂದು ಪಟ್ಟಿಯನ್ನು ಅಖಂಡವಾಗಿ ಉಳಿಸಿ, ಅಲ್ಲಿಯವರೆಗೆ ಯಾರಾದರೂ ಹೊಣೆ ಹೊತ್ತು ಅದನ್ನು ದಾರಿಯಾಗಿ ಬಳಸಿದರೆ, ರೈಲನ್ನು ಕೈಬಿಟ್ಟಂತೆ ಎಣಿಸತಕ್ಕದ್ದಲ್ಲ. 1990ರಲ್ಲಿ ವರ್ಮಾಂಟ್ ರಾಜ್ಯದ ಪ್ರೆಸೋ ದಂಪತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಜಮೀನಿನವರು ಸರ್ಕಾರದಿಂದ ಪರಿಹಾರ ಕೇಳಬಹುದು ಎಂದೂ ದಾರಿ ತೋರಿಸಿತು.

ತಮಾಷೆ ಏನೆಂದರೆ, ಈ ಏರ್ಪಾಡಿಗೆ ಒಳಪಡಲು ಮೊದಲು ‘ರೈಲು ಕೈಬಿಡುತ್ತೇವೆ’ ಅಂತಲೇ ಕೇಂದ್ರದ ಸಾರಿಗೆ ಮಂಡಳಿಗೆ ಅರ್ಜಿ ಹಾಕಬೇಕು. ಕೈಬಿಡಲು ಅರ್ಜಿ, ಕೈಬಿಡಲಿಲ್ಲ ಅಂತ ಅಪ್ಪಣೆ. ರೆಡ್‌ವುಡ್ ದಾರಿಯ ವಿಷಯದಲ್ಲೂ ಹಾಗೇ ಆಯಿತು. ನಡುವೆ ಕಂಪನಿಯೊಂದು ಬಂದು ಹಳಿ ರಿಪೇರಿ ಮಾಡಿ ಸರಕು ಸಾಗಿಸುತ್ತೇವೆ ಅಂದಿತ್ತು, ಮಂಡಳಿ ಒಪ್ಪಲಿಲ್ಲ.

ಹಾಗಾದರೆ ಪದ? ರಕ್ತನಿಧಿಯ ಮಾದರಿಯಲ್ಲಿ ‘ಹಳಿನಿಧಿ’ ಅಂದೆ. ಹಳಿ ರಿಪೇರಿಗೆ ಎತ್ತಿಟ್ಟ ಹಣ ಅಂತ ಕೇಳಿಸುತ್ತದೆ. ‘ಹಳಿಠೇವಣಿ’ಯಲ್ಲಿ ಬಡ್ಡಿ ಎಷ್ಟು ಅಂತ ಕೇಳುತ್ತಾರೆ. ‘ಇಡುಗಂಟು’ ಮುದ್ದಾದ ಪದ, ಗಂಟು ಕಟ್ಟಿ ಇಡುವುದೇ ಇದರ ಜೀವ. ಆದರೆ ಗಂಟು ಬಿಚ್ಚದೆ ಇಡುತ್ತಾರೆ; ಇಲ್ಲಿ ಜನ ಅದರ ಮೇಲೆ ದಿನವೂ ನಡೆಯುತ್ತಾರಲ್ಲ.

ಕೊನೆಗೆ ಹೊಳೆದದ್ದು ನಮ್ಮ ಊರಿನ ಬಂಡಿದಾರಿ. ತುಮಕೂರಿನ ಕಡೆ ನಮ್ಮ ತೋಟಕ್ಕೆ ಎರಡು ದಾರಿ. ಒಂದು ಪಕ್ಕದವರ ಹೊಲದ ಬದುವಿನ ಮೇಲಿನ ರೂಢಿ ದಾರಿ. ಇನ್ನೊಂದು ಗ್ರಾಮ ನಕಾಶೆಯಲ್ಲಿ ಎರಡು ಗೆರೆಯಲ್ಲಿ ಬರೆದಿರುವ, ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ನೆಲ, ಅಂತ ಕಳೆದಿರುವ ಬಂಡಿದಾರಿ. ಎತ್ತಿನ ಗಾಡಿ ಹೋಗಿ ಎಷ್ಟೋ ವರ್ಷ ಆಗಿತ್ತು, ಲಂಟಾನ ಬೆಳೆದಿತ್ತು, ಅಂಚಿನವರೊಬ್ಬರು ಅರ್ಧ ಉತ್ತು ರಾಗಿ ಬಿತ್ತಿದ್ದರು. ಅಳೆಯಲು ಬಂದ ಸರ್ವೆಯವರು ಸರಪಳಿ ಎಳೆದು ಕಲ್ಲು ಹುಡುಕಿ, ‘ಗಾಡಿ ಓಡ್ಲಿ ಬಿಡ್ಲಿ, ನಕಾಶೆ ಕಂಡ ದಾರಿ ಸ್ವಾಮಿ ಇದು’ ಅಂದರು. ರೂಢಿ ದಾರಿಯ ಕಥೆ ಬೇರೆ. 1882ರ ಈಸ್‌ಮೆಂಟ್ (ಬೇರೆಯವರ ನೆಲ ಬಳಸುವ ಹಕ್ಕಿನ) ಕಾಯ್ದೆ ಪ್ರಕಾರ ಇಪ್ಪತ್ತು ವರ್ಷ ಬಳಸದೆ ಬಿಟ್ಟರೆ ಅಂಥ ಹಕ್ಕು ಅಳಿಸಿಹೋಗುತ್ತದೆ. ರೈಲ್‌ಬ್ಯಾಂಕಿಂಗ್ ಮಾಡುವ ಕೆಲಸ ನನ್ನ ಪ್ರಕಾರ ಇದೇ: ರೂಢಿ ದಾರಿಯಂತೆ ಅಳಿದುಹೋಗಬೇಕಿದ್ದದ್ದಕ್ಕೆ ನಕಾಶೆ ದಾರಿಯ ಗಟ್ಟಿತನ ಕೊಡುವುದು.

ಅದೇ ಗುಂಗಿನಲ್ಲಿ ಅಪ್ಪ ಆಡುತ್ತಿದ್ದ ಮಾತು ನೆನಪಾಯಿತು. ‘ಕೆರೆ ಕೆಳಗಿನ ಹೊಲ ಈ ವರ್ಷ ಬೀಳು ಬಿಟ್ಟಿದೀವಿ’ ಅಂದರೆ ಅದರಲ್ಲಿ ಬೇಸರ ಇರುತ್ತಿರಲಿಲ್ಲ. ಹೊಲ ನಮ್ಮದೇ, ದನ ಮೇಯುತ್ತವೆ, ಮಳೆ ಕೂಡಿಬಂದರೆ ಮತ್ತೆ ಉಳುತ್ತೇವೆ. ‘ಪಾಳು ಬಿತ್ತು’ ಅಂದರೆ ಮುಗಿಯಿತು. ಕೇಳುವವರು ದಿಕ್ಕಿಲ್ಲ, ನಾಳೆ ಯಾರಾದರೂ ಒತ್ತಿಕೊಂಡಾರು. ನಿಘಂಟು ತೆಗೆದರೆ ಎರಡಕ್ಕೂ ಅಂತರ ಅಷ್ಟಾಗಿ ಕಾಣುವುದಿಲ್ಲ, ಆದರೆ ನಮ್ಮ ಮನೆ ಮಾತಿನಲ್ಲಿ ಅಂತರ ಖಚಿತ. ಬೀಳಿಗೆ ‘ಬಿಡುವುದು’ ಸೇರುತ್ತದೆ, ಪಾಳಿಗೆ ‘ಬೀಳುವುದು’ ಸೇರುತ್ತದೆ. ಒಂದು ನಾವು ಮಾಡುವುದು, ಇನ್ನೊಂದು ತಾನಾಗಿ ಆಗುವುದು. ಕೈಬಿಟ್ಟ ರೈಲಿಗೂ ಕಾಪಿಟ್ಟ ರೈಲಿಗೂ ನಡುವೆ ಅಮೆರಿಕದ ಆ ಟ್ರೇಲ್ ಕಾಯ್ದೆ ಎಳೆದ ಗೆರೆ ಇದೇ ಅಲ್ಲವೇ? ಆದ್ದರಿಂದ ನನ್ನ ಸಲಹೆ ‘ಹಳಿಬೀಳು’: ಹಳಿಪಟ್ಟಿಯನ್ನು ಹಳಿಬೀಳು ಬಿಡುವುದು, ಹಳಿಬೀಳು ಬಿಟ್ಟ ನೆಲ.

ಇದಕ್ಕೆ ನಾನೇ ಕಂಡ ಎರಡು ಅಡ್ಡಿ. ಒಂದು, ‘ಹಳಿಬೀಳು’ ಅನ್ನುವುದನ್ನು ಕಣ್ಣು ಥಟ್ಟನೆ ‘ಹಳಿಯಿಂದ ಬೀಳು’ ಅಂತ ಓದುತ್ತದೆ. ರೈಲು ವಿಷಯದಲ್ಲಿ ಅದಕ್ಕಿಂತ ಅಪಶಕುನ ಇಲ್ಲ. ಇನ್ನೊಂದು, ನೆಲ ಕಳೆದುಕೊಂಡೆವು ಅನ್ನುವ ಜಮೀನಿನವರ ಬಾಯಲ್ಲಿ ಇದೇ ಪದ ಹೇಗೆ ಹೊರಡುತ್ತದೆ? ಹೊಲ ತನ್ನದು ಅನ್ನುವವನು ಬೇರೆ, ಬೀಳು ಬಿಟ್ಟವನು ಬೇರೆ ಆಗಿಬಿಡುತ್ತಾರೆ. ಮೊದಲನೆಯದಕ್ಕೆ ಪದ ಬದಲಿಸಬಹುದು, ಎರಡನೆಯದು ಬಹುಶಃ ಕಾಯ್ದೆಯ ಒಳಗೇ ಇರುವ ಜಗಳ.

ಮೊದಲನೆಯದಕ್ಕೆ ನಿಮ್ಮ ನೆರವು ಬೇಕು. ಧಾರವಾಡ, ಗದಗದ ಕಡೆಯವರು ‘ಹೊಲ ಪಡ ಬಿಟ್ಟೇವಿ’ ಅನ್ನುವುದನ್ನು ಕೇಳಿದ್ದೇನೆ. ಉಡುಪಿಯವರು ‘ಹಡಿಲು ಬಿದ್ದ ಗದ್ದೆ’ ಅನ್ನುತ್ತಾರೆ. ಈ ಪಡ, ಹಡಿಲು ಎರಡರಲ್ಲೂ ಮತ್ತೆ ಉಳುವ ಆಸೆ ಉಳಿದಿರುತ್ತದೆಯೇ, ಅಥವಾ ಅವು ನಮ್ಮ ‘ಪಾಳು’ವಿಗೆ ಹತ್ತಿರವೇ? ‘ಹಡಿಲು ಬಿಟ್ಟೆ’ ಅಂತ ಯಾರಾದರೂ ಅನ್ನುತ್ತಾರೆಯೇ, ಇಲ್ಲ ‘ಬಿತ್ತು’ ಅಂತ ಮಾತ್ರವೇ? ಮನೆಯಲ್ಲಿ ಹಿರಿಯರು ಇದ್ದರೆ ನಿಘಂಟಿಗೆ ಮೊದಲು ಅವರನ್ನು ಕೇಳಿ. ಹಾಸನ, ಕೊಡಗು, ಬೀದರಿನವರದೂ ಬರಲಿ.

ಲೇಖನ ಅಚ್ಚಿಗೆ ಹೋಗಲು ಇನ್ನು ಹತ್ತು ದಿನ ಇದೆ. ಸದ್ಯಕ್ಕೆ ಆ ಜಾಗದಲ್ಲಿ ಖಾಲಿ ಗೆರೆ ಎಳೆದಿಟ್ಟಿದ್ದೇನೆ.